ಐವತ್ತರ ಮೇಲೊಂದು ಹತ್ತು

ಮ್ಯಾರಥಾನಿಗಿಂತ ಉದ್ದದ ಓಟವಾದ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ. ಮುಗಿಸಿದ್ದಕ್ಕೆ ಇನ್ನೂ ಫೋನ್ ಬರುತ್ತಲೇ ಇವೆ. ಊರಿಂದ ಚಿಕ್ಕಪ್ಪ, ಆಫೀಸಿನ ಹಳೇ ಮ್ಯಾನೇಜರು, ಮಗಳ ಟ್ಯೂಷನ್ ಟೀಚರು, ಎಲ್ಲರದ್ದೂ ಒಂದೇ ಪ್ರಶ್ನೆ: "ಅಷ್ಟು ದೂರ ಹೇಗ್ರೀ ಓಡಿದ್ರಿ?" ಪೂರ್ತಿ ಓಡಿದವರ್‍ಯಾರು! ಚಿಕ್ಕಮಗಳೂರಿನ ಕಾಫಿ ತೋಟದ ಏರುಗಳಲ್ಲಿ ನನ್ನಂಥವರು ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತೇವೆ. ಇಳಿಜಾರು ಬಂದಾಗ ಓಡುತ್ತೇವೆ. ದಾರಿಯಲ್ಲಿ ತಿಂಡಿ-ನೀರು ಕೊಡುವ ಏಡ್ ಸ್ಟೇಷನ್ ಬಂದರೆ ಬೇಯಿಸಿದ ಆಲೂಗೆಡ್ಡೆಗೆ ಉಪ್ಪು ಒತ್ತಿಕೊಂಡು ತಿನ್ನುತ್ತಾ ಹರಟೆ ಹೊಡೆಯುತ್ತೇವೆ. ಅದಾಗಿ ಎರಡು ವಾರಕ್ಕೆ ಮೈಸೂರಿನ ಡಾಂಬರು ರಸ್ತೆಯಲ್ಲಿ ಓಡಿದ 10 ಕಿ.ಮೀ. ಬಗ್ಗೆ ಮಾತ್ರ ಯಾರೂ ಕೇಳಿಲ್ಲ. ನನ್ನ ಮೇಲೆ ಹೆಚ್ಚು ಜನರ ಋಣ ಇರುವುದು ಅದರದ್ದೇ.

ಆದರೂ ತೋಟದಿಂದಲೇ ಶುರು ಮಾಡುತ್ತೇನೆ, ಅಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಸಿಲ್ವರ್ ಓಕ್ ಮರಗಳ ಕೆಳಗೆ ಜೀಪು ಓಡಾಡಿ ಗಾಲಿ ಜಾಡು ಬಿದ್ದ ದಾರಿ, ಹಿಂದಿನ ರಾತ್ರಿಯ ಮಳೆಗೆ ಕೆಸರಾಗಿತ್ತು. ಕಾಲ್ಚೀಲದ ಅಂಚಿಗೆ ನಾಲ್ಕಾರು ಇಂಬಳ. ಹೆದರಿ ಎಳೆಯಲು ಹೋದೆ. ದಾರಿ ಬದಿಯಲ್ಲಿದ್ದ ತೋಟದ ಕೆಲಸದಾಕೆ, "ಕಿತ್ತಾಕ್ಬೇಡಿ ಅಕ್ಕ, ಗಾಯ ಆಗ್ತದೆ" ಎಂದು ಬಂದರು. ಕೈಯಲ್ಲಿ ಮೊಳದುದ್ದದ ಕೋಲು, ಅದರ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಒಂದೊಂದಕ್ಕೂ ಹಾಗೆ ಮುಟ್ಟಿಸಿದರು, ಒಂದೊಂದೂ ಸುರುಟಿಕೊಂಡು ಉದುರಿತು. ರಕ್ತ ನಿಲ್ಲಲಿಲ್ಲ, ಇಂಬಳ ಕಚ್ಚಿದರೆ ಅದು ಬೇಗ ಹೆಪ್ಪುಗಟ್ಟುವುದೂ ಇಲ್ಲ. "ಅದಕ್ಕೇನೂ ಆಗಲ್ಲ, ಓಡಿ" ಎಂದು ಕಳಿಸಿಬಿಟ್ಟರು. ಹೆಸರು ಕೇಳುವಷ್ಟು ಹೊತ್ತು ಕೂಡ ಅವರು ನನ್ನನ್ನು ನಿಲ್ಲಿಸಿಕೊಳ್ಳಲಿಲ್ಲ. ಅಮ್ಮಾ, ನಿಮಗೆ ನಮಸ್ಕಾರ.

ಇನ್ನು ಹತ್ತರ ವಿಷಯ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಓಡುವ ನಮ್ಮ ಗುಂಪಿನಿಂದ ನಾಲ್ಕು ಹೆಂಗಸರ ತಂಡ ಹೆಸರು ಕೊಟ್ಟಿತ್ತು. ನಾಲ್ವರ ಸಮಯ ಕೂಡಿಸಿ ಲೆಕ್ಕ. ಒಬ್ಬರು ಡೆಂಗ್ಯೂ ಬಂದು ಮಲಗಿದರು. ಮೂವರಾದರೆ ತಂಡವೇ ಇಲ್ಲ. ಅವರ ಜಾಗಕ್ಕೆ ಉಳಿದಿದ್ದವಳು ನಾನು, ಆಗ ಮನೆ ಮೆಟ್ಟಿಲನ್ನೇ ಗೋಡೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೆ.

ಅಲ್ಟ್ರಾ ಓಡಿದವರಿಗೆ ಇದು ಗೊತ್ತಿರುತ್ತದೆ. ಕಾಲು ಕೆಡಿಸುವುದು ಏರಲ್ಲ, ಇಳಿಜಾರು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು, ಬ್ರೇಕ್ ಹಾಕುವ ಕೆಲಸ ಅದರದ್ದು. ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹರುಕು ಆಗುತ್ತದೆ, ನೋವು ಎರಡನೆಯ ಮೂರನೆಯ ದಿನಕ್ಕೆ ಜೋರಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 1921ರಿಂದ ನಡೆಯುತ್ತಿರುವ ಕಾಮ್ರೇಡ್ಸ್ ಓಟ ಸುಮಾರು 90 ಕಿ.ಮೀ. ಸಾಮಾನ್ಯವಾಗಿ ಒಂದು ವರ್ಷ ಡರ್ಬನ್ನಿನಿಂದ ಪೀಟರ್‌ಮಾರಿಟ್ಸ್‌ಬರ್ಗಿಗೆ ಏರು, ಮರುವರ್ಷ ಅಲ್ಲಿಂದ ಇಳಿಕೆ. ಇಳಿಕೆಯ ವರ್ಷವೇ ಕಾಲಿಗೆ ಕಷ್ಟ ಅಂತ ಎರಡೂ ಓಡಿದವರು ಹೇಳುತ್ತಾರೆ. ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದು ತಯಾರಿ ಮಾಡಿದ್ದರಿಂದ ನಾನು ಅಷ್ಟರಮಟ್ಟಿಗೆ ಬಚಾವು. ಆದರೆ ಇದರಲ್ಲೊಂದು ಮೋಸ ಇದೆ. ನೋವು ಹೋದ ಮೇಲೂ ಬಲ ಬಂದಿರುವುದಿಲ್ಲ. ನಡೆದರೆ ಎಲ್ಲ ಸರಿ ಅನಿಸುತ್ತದೆ, ಜೋರಾಗಿ ಹೆಜ್ಜೆ ಎತ್ತಿದಾಗಲೇ ಗೊತ್ತಾಗುವುದು.

ಅದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಫಿಸಿಯೋ ಮೇಡಂ. ಹೋದ ತಕ್ಷಣ ಅವರು ಕೇಳಿದ್ದು ನೋವು ಎಲ್ಲಿ ಅಂತ ಅಲ್ಲ, "ಯೂರಿನ್ ಯಾವ ಬಣ್ಣ ಹೋಗ್ತಿದೆ?" ಅಂತ. ಕೋಲಾ ಬಣ್ಣವಿದ್ದರೆ ಒಡೆದ ಸ್ನಾಯುವಿನ ಕಸ ಕಿಡ್ನಿಗೆ ಭಾರವಾಗುತ್ತಿದೆ ಎಂದರ್ಥ, ನೇರ ಆಸ್ಪತ್ರೆಗೆ ಹೋಗಬೇಕು. ನನ್ನದು ಹಾಗಿರಲಿಲ್ಲ. ಆದರೂ ನೋವಿನ ಮಾತ್ರೆ ಮುಟ್ಟಕೂಡದು ಎಂದರು. ಓಡಿ ದಣಿದು ನೀರಿಲ್ಲದ ಮೈಗೆ ಬ್ರುಫೆನ್ ನುಂಗುವ ಚಾಳಿ ನಮ್ಮ ಓಟಗಾರರಲ್ಲಿ ಬಹಳ ಇದೆ, ಅದು ಕಿಡ್ನಿಗೆ ಒಳ್ಳೆಯದಲ್ಲ. ಮೊದಲ ವಾರ ನಡಿಗೆ, ಸೈಕಲ್, ನಿದ್ದೆ. ಓಟ ಇಲ್ಲ. ಫೀಸು ಕೊಡಲು ಹೋದರೆ "ಹತ್ತು ಮುಗಿಸಿ ಬನ್ನಿ, ಆಮೇಲೆ ನೋಡೋಣ" ಎಂದರು. ಮೇಡಂ, ಮುಗಿಸಿದ್ದೇನೆ, ಈಗಲಾದರೂ ತೆಗೆದುಕೊಳ್ಳಿ.

ನಮ್ಮತ್ತೆಗೆ ಓಟದ ಗಂಧಗಾಳಿ ಇಲ್ಲ. "ಯಾರೂ ಅಟ್ಟಿಸ್ಕೊಂಡು ಬರ್ದೇ ಯಾಕೆ ಓಡ್ತೀಯ?" ಎನ್ನುವವರು. ಆದರೆ ಎರಡು ವಾರವೂ ಮುದ್ದೆ, ಬಸ್ಸಾರು, ಹುರುಳಿಕಟ್ಟು ಅಂತ ಮಾಡಿ ಬಡಿಸಿದರು, ಒಂದು ದಿನವೂ ಪಾತ್ರೆ ಮುಟ್ಟಗೊಡಲಿಲ್ಲ. ಯಾವ ರಿಕವರಿ ಡ್ರಿಂಕಿನ ಡಬ್ಬಿಯೂ ಇದಕ್ಕೆ ಸಮ ಅಲ್ಲ.

ನಮ್ಮ ಗುಂಪಿನ ಮೇಷ್ಟ್ರು ರಿಟೈರಾದ ಪಿ.ಟಿ. ಮಾಸ್ತರು. ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾರೋ ಇಲ್ಲವೋ. ಓಟಕ್ಕೆ ನಾಲ್ಕು ದಿನ ಮುಂಚೆ ಕೆರೆ ಏರಿ ಮೇಲೆ ನೂರು ನೂರು ಮೀಟರು ಜೋರಾಗಿ ಓಡುವ ಸ್ಟ್ರೈಡ್ ಮಾಡಿಸಿ, ನನ್ನ ಮುಖ ನೋಡಲಿಲ್ಲ, ಬರೀ ಪಾದ ನೋಡಿದರು. "ಉಸಿರು ಇರುತ್ತೆ ಕಣಮ್ಮ, ಕಾಲು ಇರಲ್ಲ. ಮೊದಲ ಮೂರು ಕಿಲೋಮೀಟರು ಆರಾರು ನಿಮಿಷ. ಒಂದು ಸೆಕೆಂಡ್ ಮುಂಚೆ ಬಂದ್ರೂ ಬೈತೀನಿ."

ಅವರು ಹೇಳಿದ್ದು ಅಕ್ಷರಶಃ ಹಾಗೇ ಆಯಿತು. ಲಲಿತಮಹಲ್ ರಸ್ತೆಯಲ್ಲಿ ಹುಡುಗಿಯರು ನನ್ನನ್ನು ದಾಟಿ ಹೋಗುತ್ತಿದ್ದರೆ ಉಸಿರಾಟಕ್ಕೆ ಏನೂ ಕಷ್ಟವಿಲ್ಲ, ಹಾಡು ಹೇಳಬಹುದಿತ್ತು. ತೊಡೆ ಮಾತ್ರ ಬೇರೆ ಯಾರದ್ದೋ. ಐವತ್ತರಲ್ಲಿ ಕಷ್ಟವಾದರೆ ನಡೆಯಬಹುದು, ಯಾರೂ ಏನೂ ಅನ್ನುವುದಿಲ್ಲ. ಹತ್ತರಲ್ಲಿ ಆ ಸೌಕರ್ಯವಿಲ್ಲ, ನಾನು ಕಳೆದುಕೊಂಡ ಒಂದೊಂದು ಸೆಕೆಂಡೂ ಇನ್ನೂ ಮೂವರ ತಲೆ ಮೇಲೆ ಹೋಗಿ ಕೂರುತ್ತದೆ. ಐದನೇ ಕಿ.ಮೀ.ನಲ್ಲಿ ಮೇಷ್ಟ್ರು ನಿಂತಿದ್ದರು. ಸಮಯ ಕೂಗಲಿಲ್ಲ, "ಕೈ ಬೀಸು" ಎಂದಷ್ಟೇ ಹೇಳಿದರು. ಏಳರ ಹತ್ತಿರ ನಮ್ಮ ತಂಡದ ಚಿಕ್ಕವಳು, ನನಗಿಂತ ಎಷ್ಟೋ ಮುಂದಿರಬೇಕಾದವಳು, ವೇಗ ತಗ್ಗಿಸಿ ನನ್ನ ಪಕ್ಕ ಬಂದಳು. "ನೀನು ಹೋಗು" ಎಂದು ಗದರಿದೆ. "ನನಗೆ ಹೊಟ್ಟೆ ಹಿಡ್ಕೊಂಡಿದೆ ಆಂಟಿ" ಎಂದಳು. ಅರ್ಧ ಕಿ.ಮೀ. ಜೊತೆ ಓಡಿ, ನನ್ನ ಹೆಜ್ಜೆ ಸರಿಹೋದ ಮೇಲೆ ಬಾಣದಂತೆ ಹೊರಟುಹೋದಳು. ಹೊಟ್ಟೆ ಹಿಡಿದವರು ಹಾಗೆ ಓಡುವುದನ್ನು ನಾನಂತೂ ನೋಡಿಲ್ಲ. ಪುಟ್ಟಿ, ಆ ಸುಳ್ಳಿಗೆ ಥ್ಯಾಂಕ್ಸ್.

57 ನಿಮಿಷದೊಳಗೆ ಮುಗಿಸಿದೆ. ನನ್ನ ಎಂದಿನ ಹತ್ತಕ್ಕಿಂತ ನಿಧಾನ, ತಂಡಕ್ಕೆ ಸಾಕಾಯಿತು. ನಮಗೆ ಮೂರನೇ ಬಹುಮಾನ: ತಲಾ ಒಂದು ಸ್ಟೀಲ್ ಡಬ್ಬಿ, ನಾಲ್ವರಿಗೂ ಸೇರಿ ಒಂದೇ ಟ್ರೋಫಿ. ಟ್ರೋಫಿಯನ್ನು ಡೆಂಗ್ಯೂ ಬಂದವರ ಮನೆಯಲ್ಲೇ ಇಟ್ಟು ಬಂದಿದ್ದೇವೆ. ಅವರ ಪ್ಲೇಟ್‌ಲೆಟ್ ಈಗ ಏರಿದೆ, ಜಾಗ ಖಾಲಿ ಮಾಡು ಎಂದು ನನಗೆ ನೋಟಿಸ್ ಕೊಟ್ಟಾಗಿದೆ.

ಬೆಳಗಿನ ಜಾವವೇ ಬಂದು ವೃತ್ತಗಳಲ್ಲಿ ವಾಹನ ತಡೆದ ಟ್ರಾಫಿಕ್ ಪೊಲೀಸರು, ನಾವು ಎಸೆದ ಲೋಟಗಳನ್ನು ಆರಿಸಿದ ಪೌರಕಾರ್ಮಿಕರು, ನೀರು ಕೊಟ್ಟ ಎನ್‌ಸಿಸಿ ಮಕ್ಕಳು, ನಿಮಗೆಲ್ಲ ಕೈ ಮುಗಿಯುತ್ತೇನೆ. ಅಲ್ಟ್ರಾದಲ್ಲಿ ಊದಿದ ಕಾಲಿಗೆ ನನ್ನ ಶೂ ಹಿಡಿಸದೆ ಒಂದು ಸೈಜು ದೊಡ್ಡದು ಕೊಟ್ಟ ಎದುರು ಮನೆಯವರೇ, ಒಗೆದು ಒಣಗಿಸಿದ್ದೇನೆ, ನಾಳೆ ತಂದುಕೊಡುತ್ತೇನೆ.

ಬರುವ ಭಾನುವಾರ ಕೆರೆ ಹತ್ತಿರ ಸೇರೋಣ. ಓಟ ಇಲ್ಲ, ಮಸಾಲೆ ದೋಸೆ, ಖರ್ಚು ನನ್ನದು. ಮೇಷ್ಟ್ರೇ, ಸ್ಟಾಪ್‌ವಾಚು ಮನೆಯಲ್ಲೇ ಬಿಟ್ಟು ಬನ್ನಿ.