ಸುಮ್ನೆ ಒಂದು ಮನೆ

ಶೀನ,

ಕ್ಷೇಮ. ಛತ್ರಿ ನನ್ನ ಹತ್ತಿರವೇ ಇದೆ, ಕೇಳಬೇಡ.

ಊರಿಂದ ನೆಂಟರು ಬಂದಿದ್ದರು. ಅಂದರೆ ನಯಾಗರಕ್ಕೆ ನನ್ನ ಆರನೇ ಯಾತ್ರೆ. ಅವರು ರೇನ್‌ಕೋಟ್ ಹಾಕಿಕೊಂಡು ದೋಣಿ ಹತ್ತಿದರು, ನಾನು ಕಾರು ತಗೊಂಡು ತಪ್ಪಿಸಿಕೊಂಡೆ. ಅರ್ಧ ಗಂಟೆ ದಾರಿ. ಹೊಳೆ ಒಂಟಾರಿಯೊ ಸರೋವರಕ್ಕೆ ಸೇರುವ ಮೂಲೆಯಲ್ಲಿ ಫೋರ್ಟ್ ನಯಾಗರ.

1687ರಲ್ಲಿ ಫ್ರೆಂಚರು ಅಲ್ಲಿ ಮರದ ಕೋಟೆ ಕಟ್ಟಿ 100 ಜನರನ್ನು ಬಿಟ್ಟು ಹೋದರು. ಹಸಿವು, ಕಾಯಿಲೆ. ಚಳಿಗಾಲ ಮುಗಿದಾಗ ಉಳಿದವರು 12 ಮಂದಿ. 1726ರಲ್ಲಿ ಮತ್ತೆ ಬಂದರು, ಈ ಸಲ ಉಪಾಯ ಮಾಡಿಕೊಂಡು. ನೆಲ ಅಲ್ಲಿನ ಮೂಲನಿವಾಸಿ ಇರೊಕ್ವಾ ಜನರದು, ಅವರಿಗೆ ಕೋಟೆ ಬೇಡ. ಅದಕ್ಕೆ ಇವರು, ಕೋಟೆ ಅಲ್ಲಪ್ಪ, ಸುಮ್ನೆ ವ್ಯಾಪಾರದ ಮನೆ, 'ಶಾಂತಿಯ ಮನೆ' ಅಂದರಂತೆ. ಲೆರಿ ಅನ್ನುವ ಎಂಜಿನಿಯರ್ ಕಟ್ಟಿದ. ಹೊರಗಿಂದ ಥೇಟ್ ಸಾಹುಕಾರರ ಬಂಗಲೆ. ಒಳಗೆ ಕಾಲಿಟ್ಟರೆ ನಡುಮನೆಯಲ್ಲೇ ಬಾವಿ! ತುಪ್ಪಳ ಕೊಳ್ಳೋಕೆ ಬಂದವರಿಗೆ ಮನೆಯೊಳಗೆ ಬಾವಿ ಯಾಕೆ? ಹೊರಗೆ ಕಾಲಿಡಲಾಗದ ದಿನ ಬರುತ್ತೆ ಅಂತ ಗೊತ್ತಿರಬೇಕು. ಬಂತು ಕೂಡ. 1759ರ ಜುಲೈಯಲ್ಲಿ ಬ್ರಿಟಿಷರು 19 ದಿನ ಮುತ್ತಿಗೆ ಹಾಕಿ ಕಿತ್ತುಕೊಂಡರು. ರುಂಡವಿಲ್ಲದ ಅಧಿಕಾರಿಯೊಬ್ಬ ರಾತ್ರಿ ಆ ಬಾವಿಯಿಂದ ಎದ್ದು ತಲೆ ಹುಡುಕುತ್ತಾನೆ ಅಂತ ಕಥೆ ಬೇರೆ. ನಿನಗೆ ಹೇಳಿ ಮಾಡಿಸಿದ ಜಾಗ.

ಬಗ್ಗಿ ನೋಡಿದೆ. ಅಣ್ಣ ನೆನಪಾದ.

ಅಪ್ಪ ತೀರಿಕೊಂಡ ವರ್ಷ ಹಿತ್ತಲಲ್ಲಿ 'ಸುಮ್ನೆ ಒಂದು ರೂಮು ಹಾಕ್ತೀನಿ, ಬಂದಾಗ ಇರೋಕೆ' ಅಂದಿದ್ದೆ. ಮೇಸ್ತ್ರಿಯನ್ನು ಹುಡುಕಿಕೊಟ್ಟವನು ನೀನೇ. ಒಂದು ರೂಮಿಗೆ ಒಂಬತ್ತು ಪಿಲ್ಲರ್ ಯಾಕೆ ಸಾರ್ ಅಂತ ಅವನು ಕೇಳಿದ. ಅಣ್ಣ ಕೇಳಲಿಲ್ಲ. ಗುಂಡಿಗಳನ್ನು ಒಂದೊಂದಾಗಿ ಇಣುಕಿ ನೋಡಿದ. ಪಂಚೆಗೆ ಹತ್ತಿದ ಮಣ್ಣು ಕೊಡವಿಕೊಂಡ. 'ಬಾ, ಕಾಫಿ ಆರುತ್ತೆ' ಅಂದ, ಅಷ್ಟೇ. ಈಗ ಅಲ್ಲಿ ಎರಡಂತಸ್ತು, ಕಾಂಪೌಂಡು, ಬೋರ್‌ವೆಲ್ಲು. ಖಾತೆ ನನ್ನ ಹೆಸರಲ್ಲಿ. ಅವನು ಆಮೇಲೆ ಹಿತ್ತಲ ಕಡೆ ಬಂದಿದ್ದನ್ನು ನಾನು ನೋಡಿಲ್ಲ.

ಇದೆಲ್ಲ ಬರೆಯಬೇಕು ಅಂತಿರಲಿಲ್ಲ ಮಾರಾಯ. ಫ್ರೆಂಚರನ್ನು ಬೈಯೋಕೆ ಕೂತವನು ನಾನು. ಉಳಿದವರು ಈ ಪ್ಯಾರಾ ಹಾರಿಸಿ, ಕೋಟೆಯ ಫೋಟೋ ನೋಡಿ.

ವಾಪಸ್ ಹೋದಾಗ ನೆಂಟರು ತೊಪ್ಪೆಯಾಗಿ ನಿಂತಿದ್ದರು. ಎಲ್ಲಿ ಹೋಗಿದ್ದೆ ಅಂದರು. ಸುಮ್ನೆ, ಪೆಟ್ರೋಲ್ ಹಾಕಿಸೋಕೆ ಅಂದೆ.

ಅಣ್ಣ ಫೇಸ್‌ಬುಕ್‌ನಲ್ಲಿಲ್ಲ, ನನ್ನ ಧೈರ್ಯವೆಲ್ಲ ಅದೇ. ನೀನೇನಾದರೂ ತೋರಿಸಿದೆಯೋ, ಛತ್ರಿ ಆಸೆ ಬಿಟ್ಟುಬಿಡು.