ಅನ್ನಪ್ರಸಾದದ ಒಲೆಗೆ ಶುದ್ಧ ಅನಿಲ: ದೇಣಿಗೆ ಮನವಿ

ಭಕ್ತಾದಿಗಳೇ, ಮುಂಬಯಿಯ ಕನ್ನಡ ಬಂಧುಗಳೇ,

ನಮ್ಮ ದೇವಸ್ಥಾನದ ಪಾಕಶಾಲೆಯ ಹಿಂದಿರುವ ಬಯೋಗ್ಯಾಸ್ ಘಟಕ ನೀವೇ ಹಿಂದೆ ಕೊಟ್ಟ ದೇಣಿಗೆಯ ಫಲ. ಎಲೆಯಲ್ಲಿ ಉಳಿದ ಅನ್ನ, ಹುಳಿ, ಪಲ್ಯ, ತರಕಾರಿ ಸಿಪ್ಪೆ ಅನಿಲವಾಗಿ ಒಲೆಗೆ ಮರಳುತ್ತಿವೆ. ಮುಂಬಯಿಗೆ ಇದು ಹೊಸದೇನಲ್ಲ. 1897ರಲ್ಲೇ ಮಾಟುಂಗಾದ ಕುಷ್ಠಾಶ್ರಮದ ಕೊಳಚೆಯಿಂದ ಬಂದ ಅನಿಲದಲ್ಲಿ ಎಂಜಿನ್ ಓಡಿಸಿದ್ದರು. ಆದರೆ ಅನಿಲದ ಜೊತೆ ಬೇಡದ ನೆಂಟರೂ ಬರುತ್ತಾರೆ.

ಬಯೋಗ್ಯಾಸ್‌ನಲ್ಲಿ ಉರಿಯುವುದು ಮೀಥೇನ್, ಸಾಮಾನ್ಯವಾಗಿ ನೂರಕ್ಕೆ 50ರಿಂದ 65 ಭಾಗ. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಸ್ವಲ್ಪ ನೀರಾವಿ, ಮತ್ತು ತೀರಾ ಸ್ವಲ್ಪ ಹೈಡ್ರೋಜನ್ ಸಲ್ಫೈಡ್. ಈ ಕೊನೆಯದೇ ಕೇಡಿಗ. ಬೇಳೆಕಾಳಿನ ಪ್ರೋಟೀನಿನಲ್ಲಿ ಗಂಧಕವಿದೆ; ಗಾಳಿಯಿಲ್ಲದೆ ಕೊಳೆಯುವಾಗ ಅದು ಈ ರೂಪ ತಾಳುತ್ತದೆ. ಮೊಟ್ಟೆಯನ್ನೇ ಒಳಗೆ ಬಿಡದ ಅಡುಗೆಮನೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಏಕೆಂದು ಕೇಳಿದವರಿಗೆ ಉತ್ತರ ಇಷ್ಟೇ. ತೇವದೊಡನೆ ಸೇರಿ ಅದು ಬರ್ನರ್, ಕೊಳವೆ, ವಾಲ್ವುಗಳನ್ನು ತಿನ್ನುತ್ತದೆ. ಉರಿದರೆ ಸಲ್ಫರ್ ಡೈಆಕ್ಸೈಡ್ ಆಗಿ ಅಡುಗೆಯವರ ಕಣ್ಣು, ಗಂಟಲು ಕೆರಳಿಸುತ್ತದೆ. ವಾಸನೆ ನಿಂತಿತೆಂದು ನೆಮ್ಮದಿಪಡುವಂತೆಯೂ ಇಲ್ಲ. ಪ್ರಮಾಣ ಹೆಚ್ಚಿದರೆ ಮೂಗೇ ಸೋಲುತ್ತದೆ.

ಮದ್ದು ಸರಳ. ಅನಿಲ ಮೊದಲು ನೀರನ್ನು ಬೇರ್ಪಡಿಸುವ ಡಬ್ಬಿಯನ್ನು, ಬಳಿಕ ಐರನ್ ಆಕ್ಸೈಡ್ ಗುಳಿಗೆ ತುಂಬಿದ ಪೀಪಾಯಿಯನ್ನು ಹಾದು ಬರಬೇಕು. ಐರನ್ ಆಕ್ಸೈಡ್ ಎಂದರೆ ನಮ್ಮ ತುಕ್ಕೇ. ಅದು ಗಂಧಕವನ್ನು ಹಿಡಿದುಕೊಂಡು ಕಪ್ಪಾಗುತ್ತದೆ, ಗಾಳಿಗೆ ಒಡ್ಡಿದರೆ ಚೇತರಿಸಿಕೊಳ್ಳುತ್ತದೆ. ಆಗ ಕಾವೇರುವುದರಿಂದ ಬೆಂಕಿಯ ಭಯವುಂಟು. ನೀರು ಚಿಮುಕಿಸುತ್ತ, ತಿಳಿದವರ ಕೈಯಲ್ಲೇ ಆಗಬೇಕಾದ ಕೆಲಸ. ಒಂದು ಪೀಪಾಯಿ ಚೇತರಿಸಿಕೊಳ್ಳುವಾಗ ಇನ್ನೊಂದು ದುಡಿಯಲೆಂದು ಎರಡನ್ನು ಕೇಳುತ್ತಿದ್ದೇವೆ.

ಇಂಗಾಲದ ಡೈಆಕ್ಸೈಡನ್ನೂ ತೆಗೆಯಬಾರದೇ ಎಂದು ಕೇಳುವವರಿದ್ದಾರೆ. ವಾಹನಕ್ಕೆ ತುಂಬುವ ಅನಿಲಕ್ಕಾದರೆ ಅದು ಬೇಕು. ಅಲ್ಲಿ ಮೀಥೇನ್ ಕನಿಷ್ಠ 90 ಭಾಗ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಒಲೆಗೆ ಬೇಡ. ಬೇಡದ್ದಕ್ಕೆ ನಿಮ್ಮ ಹಣ ಕೇಳುವುದಿಲ್ಲ.

ಗೋಪುರಕ್ಕೆ, ಗಂಟೆಗೆ ದಾನಿಗಳು ಬೇಗ ಸಿಗುತ್ತಾರೆ. ಅಡುಗೆಮನೆಯ ಹಿಂದಿನ ಪೀಪಾಯಿಗೆ ಹೆಸರಿನ ಫಲಕ ಹಾಕಿದರೂ ಓದುವವರು ಅಡುಗೆಯವರಷ್ಟೇ. 501 ರೂಪಾಯಿ ಆಗಲಿ, 5,001 ಆಗಲಿ, ಸೇವಾ ಕೌಂಟರಿನಲ್ಲಿ ಸಲ್ಲಿಸಿ ರಸೀದಿ ಪಡೆಯಿರಿ. ತಯಾರಕರ ದರಪಟ್ಟಿಗಳನ್ನು ಸೂಚನಾ ಫಲಕದಲ್ಲಿ ಹಾಕಿದ್ದೇವೆ. ಹೋಟೆಲ್ ನಡೆಸುವ ಬಂಧುಗಳಲ್ಲಿ ಇಂಥ ಘಟಕ ಇಟ್ಟವರಿದ್ದರೆ, ಹಣಕ್ಕಿಂತ ಮೊದಲು ಅವರ ಅನುಭವ ನಮಗೆ ಬೇಕು. ಬೆಳಗಿನ ಪೂಜೆ ಮುಗಿದ ಮೇಲೆ ಒಮ್ಮೆ ಬಂದು ನೋಡಿ, ಊಟ ಮಾಡಿಕೊಂಡೇ ಹೋಗಿ.

ಆಡಳಿತ ಮಂಡಳಿ