‘ಮರಾಡರ್’ ಅಂದರೆ ಅಲೆಮಾರಿ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಏಳೆಂಟು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹೋದ ವಾರ ಅವರ ಗೈಡಿನಲ್ಲಿ ‘ಮರಾಡರ್’ (marauder) ಎಂಬ ಪದ ಬಂತು. ಅರ್ಥ ‘ಅಲೆಮಾರಿ, ಕಳ್ಳ’ ಎಂದಿತ್ತು. ಎಲ್ಲರೂ ಜೋರಾಗಿ ಓದಿದರು. ಅಲೆಮಾರಿ ಸಮುದಾಯವಾದ ಬುಡ್ಗ ಜಂಗಮರ ಹುಡುಗಿಯೊಬ್ಬಳು ಮಾತ್ರ ಓದಲಿಲ್ಲ. “ಟೀಚರ್, ನಮ್ಮಜ್ಜ ವೇಷ ಹಾಕಿ ಊರೂರು ತಿರುಗ್ತಿದ್ರು. ಅವರೂ ಮರಾಡರ್ ಏನ್ರೀ?” ಅಂದಳು. ಆ ಮಾತಿಗಾಗಿಯೇ ಈ ಪತ್ರ.

ಫ್ರೆಂಚ್‌ನಲ್ಲಿ ‘ಮರೋ’ ಅಂದರೆ ಪೋಕರಿ. ಅದರಿಂದ ಹುಟ್ಟಿದ ಈ ಪದ 17ನೇ ಶತಮಾನದ ಕೊನೆಗೆ ಇಂಗ್ಲಿಷ್ ಸೇರಿತು. ದಂಡು ಬಿಟ್ಟು ಹೋಗಿ, ಹಳ್ಳಿಗಳ ಮೇಲೆ ಬಿದ್ದು, ಸಿಕ್ಕಿದ್ದನ್ನು ದೋಚುವ ಸೈನಿಕರಿಗೆ ಹಾಗೆ ಕರೆಯುತ್ತಿದ್ದರು. ತಿರುಗಾಟವೂ ಇರಬೇಕು, ಅದು ದೋಚುವುದಕ್ಕಾಗಿಯೇ ಇರಬೇಕು. ರಾತ್ರಿ ಒಂದು ಮನೆಗೆ ಕನ್ನ ಹಾಕುವ ಕಳ್ಳ ಮರಾಡರ್ ಅಲ್ಲ. ಹೊಟ್ಟೆಪಾಡಿಗೆ ಊರೂರು ಸುತ್ತುವವರಂತೂ ಅಲ್ಲವೇ ಅಲ್ಲ.

ಇದಕ್ಕೆ ಹತ್ತಿರದ ಮಾತು ನಮ್ಮಲ್ಲೇ ಇದೆ. ಹೈದರಾಬಾದ್ ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆಯವರಾದ ರಜಾಕಾರರ ಬಗ್ಗೆ ‘ರಜಾಕಾರರ ಹಾವಳಿ’ ಅಂತ ನಮ್ಮ ಕಡೆ ಹಿರಿಯರು ಇವತ್ತಿಗೂ ಹೇಳುತ್ತಾರೆ. 1948ರಲ್ಲಿ ಅವರು ಬೀದರ್ ಜಿಲ್ಲೆಯ ಗೋರಟಾಕ್ಕೆ ನುಗ್ಗಿ ಜನರನ್ನು ಕೊಂದು, ಊರನ್ನು ದೋಚಿದ್ದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ತೊಗರಿ ಹೊಲಕ್ಕೆ ಕಾಡುಹಂದಿ ನುಗ್ಗಿದರೂ ನಾವು ‘ಹಾವಳಿ’ ಅಂತಲೇ ಅನ್ನುತ್ತೇವೆ. ಇಂಗ್ಲಿಷ್ ಪತ್ರಿಕೆಗಳೂ ಬೆಳೆ ತಿನ್ನುವ ಆನೆಗಳಿಗೆ ‘ಮರಾಡಿಂಗ್’ ಎಂದು ಬರೆಯುತ್ತವೆ. ಎಷ್ಟು ಚೆನ್ನಾಗಿ ಹೊಂದುತ್ತದೆ, ಅಲ್ವಾ? ಮನುಷ್ಯರ ವಿಷಯವಾದರೆ ‘ಲೂಟಿಗೆ ತಿರುಗುವ ಗುಂಪು’ ಎಂದರೆ ಸಾಕು.

ಇಷ್ಟು ಜಾಸ್ತಿ ಹೇಳಲು ಕಾರಣವಿದೆ. ಬ್ರಿಟಿಷರು 1871ರಲ್ಲಿ ಕಾಯ್ದೆ ಮಾಡಿ, ಎಷ್ಟೋ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂದುಬಿಟ್ಟರು. ಅದು ರದ್ದಾದದ್ದು 1952ರಲ್ಲಿ. ಇಷ್ಟು ವರ್ಷಗಳ ಮೇಲೂ ಮಕ್ಕಳ ಕೈಯಲ್ಲಿರುವ ಗೈಡು ಅದನ್ನೇ ಹೇಳಿದರೆ ಹೇಗೆ? ನಿಮ್ಮಲ್ಲೂ ಒಂದು ಕೋರಿಕೆ. ಕಳ್ಳತನದ ಸುದ್ದಿ ಬರೆಯುವಾಗ ‘ಅಲೆಮಾರಿ ಗ್ಯಾಂಗ್’ ಎಂಬ ಮಾತು ದಯವಿಟ್ಟು ಬಳಸಬೇಡಿ. ‘ಕಳ್ಳರ ಗುಂಪು’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಅವತ್ತು ಎಲ್ಲ ಗೈಡುಗಳಲ್ಲೂ ಆ ಸಾಲು ಹೊಡೆದುಹಾಕಿ, ‘ಲೂಟಿಗಾಗಿ ತಿರುಗುವವನು’ ಎಂದು ಕೆಂಪು ಪೆನ್ನಿನಲ್ಲಿ ಬರೆದೆವು. ಆ ಹುಡುಗಿ ತನ್ನದನ್ನು ತಾನೇ ಬರೆದುಕೊಂಡಳು.

– ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಆಳಂದ, ಕಲಬುರಗಿ ಜಿಲ್ಲೆ